ನನ್ನ ಮೇಲೆ ನಾನೇ ಕೊಟ್ಟ ದೂರು

ಚರಂಡಿ ಎಂದರೆ ಏನು ಮಹಾ? ನೀರು ಮೇಲಿನಿಂದ ಬರುತ್ತದೆ, ಕೆಳಗೆ ಹೋಗುತ್ತದೆ. ಇಷ್ಟನ್ನು ತಿಳಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ಎರಡು ಕಣ್ಣು ಮತ್ತು ಒಂದು ಗುದ್ದಲಿ ಇದ್ದರೆ ಸಾಕು ಎಂದು ನಾನು ಬಲವಾಗಿ ನಂಬಿದ್ದೆ. ಆ ನಂಬಿಕೆಯ ಬಲದಿಂದಲೇ ಒಂದು ವರ್ಷ ನಮ್ಮೂರ ಪುರಸಭೆಯ ಗುತ್ತಿಗೆದಾರನೂ ಆದೆ. ಊರಿನ ಹೆಸರು ಮಾತ್ರ ಹೇಳುವುದಿಲ್ಲ. ಮೂಡಿಗೆರೆಯಲ್ಲಿ ಕಳಸದ ಬಸ್ಸು ಹತ್ತಿದರೆ ದಾರಿಯಲ್ಲೆಲ್ಲೋ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹೆಸರು ಹೇಳಿ, ಅದು ಪುರಸಭೆಯವರ ಕಿವಿಗೆ ಬಿದ್ದು, ಅವರು ನನ್ನನ್ನು ಕರೆಸಿ ಇನ್ನೊಂದು ಸಲ ಹಾರ ಹಾಕಿಬಿಟ್ಟರೆ ಏನು ಗತಿ ಎಂಬ ಹೆದರಿಕೆ ನನಗಿದೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಊರಂಚಿನ ಕಾಫಿ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದೆ. ರೈಟರ್ ಎಂದರೆ ಕತೆ ಕಾದಂಬರಿ ಬರೆಯುವವನಲ್ಲ. ಆಳುಗಳ ಹಾಜರಿ, ಗೊಬ್ಬರದ ಮೂಟೆ, ಸಿಪ್ಪೆ ಸುಲಿದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ಚೀಲ ಇವುಗಳ ಲೆಕ್ಕ ಬರೆಯುವವನು. ಆದರೂ ಊರಿನಲ್ಲಿ ಎಲ್ಲರೂ ನನ್ನನ್ನು ‘ರೈಟ್ರೆ’ ಎಂದೇ ಕರೆಯುತ್ತಿದ್ದುದರಿಂದ, ನಾನು ಆಡಿದ್ದೆಲ್ಲ ರೈಟು ಎಂಬ ಭಾವನೆ ನನಗೆ ತಾನಾಗಿಯೇ ಬೆಳೆದಿತ್ತು.

ನನ್ನ ಮನೆ ಇದ್ದದ್ದು ಸಂತೆಬೀದಿಯಲ್ಲಿ. ಬಸ್‌ಸ್ಟ್ಯಾಂಡಿನ ಬಳಿ ಹುಟ್ಟುವ ಈ ಬೀದಿ ಇಳಿಜಾರಾಗಿ ಇಳಿದು, ಕೆಳಗಡೆ ಒಂದು ಕಡೆ ಗಕ್ಕನೆ ಬಲಕ್ಕೆ ತಿರುಗುತ್ತದೆ. ಬೀದಿಯ ಎಡಕ್ಕೆ ಒಂದು ಮಣ್ಣಿನ ಚರಂಡಿ. ತಿರುವಿನಲ್ಲಿ ಬೀದಿಯೂ ತಿರುಗುತ್ತದೆ, ಚರಂಡಿಯೂ ತಿರುಗುತ್ತದೆ. ನಮ್ಮ ಮಳೆಯ ನೀರಿಗೆ ಮಾತ್ರ ತಿರುಗುವಷ್ಟು ವ್ಯವಧಾನವಿಲ್ಲ. ಅದು ನೆಟ್ಟಗೆ ಹೋಗಿ ಹಸನಬ್ಬನ ಶೆಡ್ಡಿಗೆ ನುಗ್ಗುತ್ತದೆ.

ಹಸನಬ್ಬ ಜೀಪ್ ಮೆಕ್ಯಾನಿಕ್. ಸುತ್ತಲಿನ ತೋಟಗಳ ಜೀಪುಗಳೆಲ್ಲ ಅವನ ಕೈಯಲ್ಲೇ ಬದುಕುಳಿದಿದ್ದವು. ಕಳಸದಾಚೆಯ ಸಂಸೆಯ ಕಡೆಯಿಂದ ಕೂಡ ಜೀಪುಗಳು ಕೆಮ್ಮುತ್ತಾ ಬಂದು, ಕೆಮ್ಮು ಬಿಟ್ಟು ಹೋಗುತ್ತಿದ್ದವು. ಅಂಥವನ ಶೆಡ್ಡಿನಲ್ಲಿ, ಜೀಪಿನ ಅಡಿಗೆ ಇಳಿದು ಕೆಲಸ ಮಾಡುವ ಗುಂಡಿಯೊಳಗೆ, ಜೂನ್ ಬಂತೆಂದರೆ ಕಪ್ಪೆಗಳು ಸಂಸಾರ ಹೂಡುತ್ತಿದ್ದವು. ತಿರುವಿನಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಮೋರಿ ಹಾಕಿ, ನೀರನ್ನು ಆಚೆ ಬದಿಯ ಹಳ್ಳಕ್ಕೆ ಬಿಟ್ಟುಬಿಡಿ ಎಂದು ಅವನು ಪುರಸಭೆಯನ್ನು ಕೇಳುತ್ತಲೇ ಇದ್ದ. ಪುರಸಭೆಯ ಉತ್ತರವೂ ಪ್ರತಿ ವರ್ಷ ಒಂದೇ. ಮೊದಲು ಚರಂಡಿಯ ಹೂಳೆತ್ತಿಸುತ್ತೇವೆ, ಆಮೇಲೂ ನೀರು ನುಗ್ಗಿದರೆ ಮೋರಿಯ ವಿಷಯ ನೋಡೋಣ.

ಹೂಳೆತ್ತುವ ಗುತ್ತಿಗೆ ಕಂಟ್ರಾಕ್ಟರ್ ನಾಗೇಶಪ್ಪನದು. ಅವನು ಮೇ ತಿಂಗಳಲ್ಲಿ ಹೂಳನ್ನು ಎತ್ತಿ ಚರಂಡಿಯ ಅಂಚಿನಲ್ಲೇ ಸಾಲಾಗಿ ಪೇರಿಸುತ್ತಿದ್ದ. ಜೂನ್ ಮೊದಲ ಮಳೆಗೆ ಅದು ಮರಳಿ ಚರಂಡಿಗೆ ಇಳಿಯುತ್ತಿತ್ತು. ಮುಂದಿನ ಮೇ ತಿಂಗಳಲ್ಲಿ ಪುನಃ ಅದನ್ನೇ ಎತ್ತುತ್ತಿದ್ದ. ಒಂದೇ ಹೂಳನ್ನು ಸಾಕಿ ಸಲಹಿ ಇಷ್ಟು ವರ್ಷ ಸಂಸಾರ ನಡೆಸಿದ ಇನ್ನೊಬ್ಬನನ್ನು ನಾನು ಕಂಡಿಲ್ಲ. ನೀರು ನುಗ್ಗಿದ ಮೇಲೆ ಹಸನಬ್ಬ ಹೋಗಿ ಕೇಳಿದರೆ, ‘ಹೂಳೆತ್ತುವ ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ’ ಎಂಬ ವರದಿಯನ್ನು ಅವನಿಗೆ ಓದಿ ಹೇಳಿ ಕಳಿಸುತ್ತಿದ್ದರು.

ಒಂದು ದಿನ ಭಟ್ಟರ ಹೋಟೆಲಿನಲ್ಲಿ ಕುಳಿತು ನಾನು ಈ ಅನ್ಯಾಯವನ್ನು ಉಗ್ರವಾಗಿ ಖಂಡಿಸುತ್ತಿದ್ದೆ. ಎದುರಿಗೆ ಹಸನಬ್ಬ ಬನ್ನು ಅದ್ದಿಕೊಂಡು ತಿನ್ನುತ್ತಿದ್ದ.

“ಎಸ್ಟೇಟಿನಲ್ಲಿ ನಾವು ಮೈಲುಗಟ್ಟಲೆ ಕಾಲುವೆ ತೆಗೆಸ್ತೀವಿ. ಇದೇನು ಬ್ರಹ್ಮವಿದ್ಯೆಯಾ? ನಮ್ಮ ಆಳುಗಳನ್ನ ಬಿಟ್ಟರೆ ಒಂದೇ ವಾರದಲ್ಲಿ ಚರಂಡಿ ಹೇಗಿರಬೇಕು ಅಂತ ತೋರಿಸ್ತೀನಿ” ಎಂದೆ.

“ಹಾಗಾದ್ರೆ ನೀವೇ ಟೆಂಡರ್ ಹಾಕಿ ರೈಟ್ರೆ” ಎಂದ ಹಸನಬ್ಬ.

“ನಾನಾ?”

“ಮತ್ತೆ ಯಾರು? ನಂಗಂತೂ ಸಾಕಾಯ್ತು. ಉಪ್ಪಿನಂಗಡಿಯಲ್ಲಿ ನಮ್ಮ ಭಾವನ ಗ್ಯಾರೇಜ್ ಉಂಟು. ಬಾ ಬಾ ಅಂತ ಕರೀತಾ ಇದ್ದಾನೆ. ಈ ಸಲವೂ ನೀರು ನುಗ್ಗಿದ್ರೆ ಶೆಡ್ಡಿಗೆ ಬೀಗ ಹಾಕಿ ಹೊರಟೆ.”

ಅವನು ಇದನ್ನು ತಮಾಷೆಗೆ ಹೇಳಲಿಲ್ಲ. ಹಸನಬ್ಬ ಹೋದರೆ ತೋಟಗಳ ಜೀಪುಗಳ ಗತಿಯೇನು ಎಂಬ ಚಿಂತೆ ಇರಲಿ, ಸಂಜೆ ಹೊತ್ತು ನನ್ನ ಮಾತನ್ನು ಕೊನೆಯವರೆಗೂ ಕೇಳುವ ಮನುಷ್ಯ ಊರಿನಲ್ಲಿ ಅವನೊಬ್ಬನೇ ಇದ್ದ. “ನೀನು ಎಲ್ಲೂ ಹೋಗಲ್ಲ. ಈ ಜೂನಿನಲ್ಲಿ ನಿನ್ನ ಶೆಡ್ಡಿಗೆ ಒಂದು ಹನಿ ನೀರು ಬಂದ್ರೆ ನನ್ನ ಹೆಸರು ಬದಲಾಯಿಸ್ಕೊಳ್ತೀನಿ” ಎಂದು ಮೇಜು ಕುಟ್ಟಿದೆ. ಭಟ್ಟರು ಮೇಜು ಹಳೆಯದು ಎಂದು ಒಳಗಿನಿಂದಲೇ ಎಚ್ಚರಿಸಿದರು.

ಟೆಂಡರನ್ನು ಅರಗಿನ ಮೊಹರು ಹಾಕಿದ ಲಕೋಟೆಯಲ್ಲಿ ಕೊಡಬೇಕಿತ್ತು. ಕಾಫಿಯ ಸ್ಯಾಂಪಲ್ ಪೊಟ್ಟಣಗಳನ್ನು ಕ್ಯೂರಿಂಗ್ ವರ್ಕ್ಸಿಗೆ ಕಳಿಸುವಾಗ ನಾವೂ ಅರಗು ಹಾಕುತ್ತಿದ್ದುದರಿಂದ ಈ ಶಾಸ್ತ್ರದಲ್ಲಿ ನಾನು ನುರಿತವನೇ. ಮೂಲೆ ಮೂಲೆಗೂ ಅರಗು ಸುರಿದೆ. ನಾಗೇಶಪ್ಪ ಕಳ್ಳತನದಲ್ಲಿ ತೆರೆದು ನೋಡಿದರೆ ಎಂದು ನಡುವೆಯೂ ಸುರಿದೆ. ಸಂಶಯ ಹೋಗದೆ ಇನ್ನೊಂದು ಸುತ್ತು ಸುರಿದೆ.

ಹೆಂಡತಿ ಸಾವಿತ್ರಿ ಸುಟ್ಟ ವಾಸನೆಗೆ ಹೊರಗೆ ಬಂದಳು. “ಅಲ್ಲ ಮಾರಾಯ್ರೆ, ಒಳಗಿರೋದು ಚರಂಡಿ ಲೆಕ್ಕ. ಖಜಾನೆ ಅಲ್ಲ.”

“ನಿನಗೆ ಗೊತ್ತಾಗಲ್ಲ. ಇದು ಸರ್ಕಾರಿ ವ್ಯವಹಾರ” ಎಂದೆ.

ಟೆಂಡರ್ ತೆರೆಯುವ ದಿನ ಮುಖ್ಯಾಧಿಕಾರಿಗಳು ನನ್ನ ಲಕೋಟೆಯನ್ನು ಬಿಡಿಸಲು ಉಗುರಿನಿಂದ ನೋಡಿದರು, ಸ್ಕೇಲಿನಿಂದ ನೋಡಿದರು. ಕೊನೆಗೆ ಜವಾನ ಎಳನೀರು ಕೊಚ್ಚುವ ಕತ್ತಿ ತಂದ. ಲಕೋಟೆ ಎರಡು ಹೋಳಾಯಿತು, ಒಳಗಿದ್ದ ನನ್ನ ದರವೂ ಎರಡು ಹೋಳಾಯಿತು. ಮುಖ್ಯಾಧಿಕಾರಿಗಳು ಒಂದು ಹೋಳನ್ನೂ ಓವರ್‌ಸಿಯರ್ ಇನ್ನೊಂದು ಹೋಳನ್ನೂ ಹಿಡಿದು, ಜೋಡಿಸಿ ಓದಿದರು.

ನನ್ನ ವಿರುದ್ಧ ಕಣದಲ್ಲಿ ಮೂವರಿದ್ದರು. ಒಬ್ಬ ನಾಗೇಶಪ್ಪ. ಇನ್ನೊಬ್ಬ ನಾಗೇಶಪ್ಪನ ಹೆಂಡತಿಯ ತಮ್ಮ. ಮೂರನೆಯವರು ನಾಗೇಶಪ್ಪನ ತಂದೆ. ಅವರು ತೀರಿಹೋಗಿ ಬಹಳ ಕಾಲವಾಗಿದ್ದರೂ ಟೆಂಡರ್ ಹಾಕುವುದನ್ನು ಮಾತ್ರ ಬಿಟ್ಟಿರಲಿಲ್ಲ. ಪ್ರತಿ ವರ್ಷ ಈ ಮೂವರ ನಡುವೆ ತೀವ್ರ ಪೈಪೋಟಿ ನಡೆದು ನಾಗೇಶಪ್ಪ ಕೂದಲೆಳೆಯ ಅಂತರದಲ್ಲಿ ಗೆಲ್ಲುತ್ತಿದ್ದ. ಈ ಸಲ ಎಲ್ಲರಿಗಿಂತ ಕಡಿಮೆ ದರ ನನ್ನದು. ಲಾಭದ ಆಸೆಯೇ ಇಲ್ಲದವನ ಜತೆ ಪೈಪೋಟಿ ಮಾಡಲು ಸತ್ತವರಿಂದಲೂ ಆಗಲಿಲ್ಲ.

ನಾಗೇಶಪ್ಪ ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ. ಅವನು ಹಲ್ಲು ಬಿಟ್ಟುಕೊಂಡು ಬಂದು ಕೈ ಕುಲುಕಿದ. “ಒಳ್ಳೇದಾಯ್ತು ರೈಟ್ರೆ. ನಂಗೂ ಒಂದು ವರ್ಷ ರಜ ಸಿಕ್ತು.”

ಮೇ ತಿಂಗಳಲ್ಲಿ ತೋಟದ ಕೆಲಸ ಸ್ವಲ್ಪ ಸಡಿಲ. ಎಸ್ಟೇಟಿನ ಸಾಹುಕಾರರ ಒಪ್ಪಿಗೆ ಪಡೆದು ಚಿನ್ನಪ್ಪ ಮೇಸ್ತ್ರಿಯನ್ನೂ ಅವನ ಗ್ಯಾಂಗನ್ನೂ ಕರೆತಂದೆ. ಚಿನ್ನಪ್ಪ ಹುಟ್ಟಿದ್ದೇ ಕಾಫಿ ಗಿಡದ ಬುಡದಲ್ಲಿ. ಅವನಿಗೆ ನಾನು ಕೊಟ್ಟ ಆಜ್ಞೆ ಸ್ಪಷ್ಟವಾಗಿತ್ತು.

“ನೋಡು ಚಿನ್ನಪ್ಪ, ಮುನ್ಸಿಪಾಲ್ಟಿ ಕೆಲಸ ಅಂತ ಉದಾಸೀನ ಬೇಡ. ನಮ್ಮ ತೋಟದಲ್ಲಿ ಹೆಂಗೆ ಮಾಡ್ತೀವೋ ಹಂಗೇ ಆಗಬೇಕು. ಒಂಚೂರೂ ಆಚೀಚೆ ಆಗಬಾರದು.”

“ತೋಟದ ಹಂಗೇ ಅಲ್ವಾ ಅಯ್ಯಾ? ಬಿಡಿ, ನೀವು ನೋಡ್ತಾ ಇರಿ” ಎಂದ ಚಿನ್ನಪ್ಪ.

ಇಲ್ಲಿ ಕಾಫಿ ತೋಟದ ಕ್ರಮವನ್ನು ಸ್ವಲ್ಪ ಹೇಳಬೇಕು. ನಮ್ಮ ತೋಟಗಳೆಲ್ಲ ಗುಡ್ಡದ ಇಳಿಜಾರಿನಲ್ಲಿ ಇರುವಂಥವು. ಮಳೆನೀರು ಓಡಿದರೆ ಮೇಲ್ಮಣ್ಣೆಲ್ಲ ಅದರ ಜತೆ ಓಡಿಹೋಗುತ್ತದೆ. ಅದಕ್ಕಾಗಿ ಗಿಡಗಳ ಸಾಲಿನ ನಡುವೆ ತೊಟ್ಟಿಲಿನ ಆಕಾರದ ಗುಂಡಿಗಳನ್ನು ತೋಡುತ್ತೇವೆ. ಕಾಲುವೆ ತೆಗೆದರೂ ಅದರಲ್ಲಿ ಅಲ್ಲಲ್ಲಿ ಒಂದೊಂದು ಅಡ್ಡಗಟ್ಟೆ ಬಿಡುತ್ತೇವೆ. ನೀರು ಅದರಲ್ಲಿ ನಿಲ್ಲಬೇಕು, ಮಣ್ಣು ತಂಗಬೇಕು, ನೀರು ಅಲ್ಲೇ ಇಂಗಬೇಕು. ನಮ್ಮಲ್ಲಿ ನೀರು ನಿಂತರೆ ಮೇಸ್ತ್ರಿಗೆ ಶಹಬ್ಬಾಸ್, ಓಡಿದರೆ ಬೈಗುಳ.

ಚಿನ್ನಪ್ಪ ನನ್ನ ಆಜ್ಞೆಯನ್ನು ಚಾಚೂ ತಪ್ಪದೆ ಪಾಲಿಸಿದ. ಸಂತೆಬೀದಿಯ ಉದ್ದಕ್ಕೂ ಒಂದರ ಕೆಳಗೊಂದು ತೊಟ್ಟಿಲು ಗುಂಡಿಗಳು, ನಡುವೆ ಹದವಾಗಿ ತಟ್ಟಿ ನುಣುಪು ಮಾಡಿದ ಅಡ್ಡಗಟ್ಟೆಗಳು! ನಾನು ಪಕ್ಕದಲ್ಲೇ ಕೊಡೆ ಊರಿಕೊಂಡು ನಿಂತಿದ್ದೆ. ನಿಂತು ನೋಡಿ ನನ್ನ ಎದೆ ಉಬ್ಬಿತು. ಒಂದು ಗಟ್ಟೆ ಸ್ವಲ್ಪ ಗಿಡ್ಡವಾಯಿತೆಂದು ನಾನೇ ಹೇಳಿ ಎತ್ತರ ಮಾಡಿಸಿದೆ.

ಸಂತೆಗೆ ಹೊರಟಿದ್ದ ಸಾವಿತ್ರಿ ಚೀಲ ಹಿಡಿದುಕೊಂಡು ಒಂದು ಗಳಿಗೆ ನಿಂತಳು. “ಇದೆಂತ, ನಡು ನಡುವೆ ಗೋಡೆ?”

“ಮಣ್ಣು ಕೊಚ್ಚಿಹೋಗಬಾರದಲ್ಲ, ಅದಕ್ಕೆ.”

“ಮಣ್ಣು ಇರ್ಬೇಕಾ, ನೀರು ಹೋಗ್ಬೇಕಾ?”

“ಸಾವಿತ್ರಿ, ಭೂಸಂರಕ್ಷಣೆ ಎನ್ನುವುದು ಒಂದು ಶಾಸ್ತ್ರ” ಎಂದು ಆರಂಭಿಸಿ, ಬ್ರಿಟಿಷ್ ದೊರೆಗಳ ಕಾಲದಿಂದ ಅದರ ಇತಿಹಾಸವನ್ನು ವಿವರಿಸಿದೆ. ಅವಳಿಗೆ ಸೊಪ್ಪು ಮುಗಿದುಹೋದರೆ ಎಂಬ ಯೋಚನೆ ಇತ್ತು. ಹೋದಳು.

ಹೂಳನ್ನಂತೂ ನಾನು ನಾಗೇಶಪ್ಪನ ಹಾಗೆ ಅಂಚಿನಲ್ಲಿ ಬಿಡಲಿಲ್ಲ. ಅಷ್ಟೂ ಹೂಳನ್ನು ಟ್ರಾಕ್ಟರಿಗೆ ತುಂಬಿಸಿ, ಒಳ್ಳೆಯ ಗೊಬ್ಬರವಾಗುತ್ತದೆಂದು ತೋಟಕ್ಕೆ ಸಾಗಿಸಿದೆ. ವಾರ ಕಳೆದ ಮೇಲೆ ಸಾಹುಕಾರರು ನನ್ನನ್ನು ಕರೆದು, “ರೈಟ್ರೆ, ಹೊಳೆ ಬದಿಯ ಬ್ಲಾಕಿನಲ್ಲಿ ಕಾಫಿ ಗಿಡದ ಬುಡಕ್ಕೆ ಹವಾಯಿ ಚಪ್ಪಲಿ ನೆಟ್ಟೋರು ಯಾರು?” ಎಂದು ಶಾಂತವಾಗಿ ವಿಚಾರಿಸಿದರು. ಒಡೆದ ಬಳೆ, ಸೋಡಾ ಬಾಟಲಿಯ ಗೋಲಿ, ಹಲ್ಲು ಮುರಿದ ಬಾಚಣಿಗೆಗಳ ವಿಷಯವನ್ನು ಅವರು ಎತ್ತಲಿಲ್ಲ. ದೊಡ್ಡವರು.

ಕೆಲಸ ಮುಗಿದ ದಿನ ಓವರ್‌ಸಿಯರ್ ಪರಿಶೀಲನೆಗೆ ಬಂದರು. ಬಂದವರು ಸ್ಕೂಟರನ್ನು ಭಟ್ಟರ ಹೋಟೆಲಿನ ಮುಂದೆ ನಿಲ್ಲಿಸಿ, ಒಳಗೆ ಕುಳಿತು, ನೀರುದೋಸೆ ತರಿಸಿಕೊಂಡು, ವರದಿ ಬರೆಯತೊಡಗಿದರು.

“ಒಂದ್ಸಲ ಇಳಿದು ನೋಡಬಹುದಿತ್ತು ಸಾರ್” ಎಂದೆ.

“ನಿಮ್ಮಂಥೋರು ಮಾಡಿದ್ಮೇಲೆ ನೋಡೋದೆಂತದು ರೈಟ್ರೆ” ಎಂದು, ಹಳೆಯ ವರ್ಷದ ವರದಿಯನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನೇ ಇಳಿಸಿದರು. ಹೂಳೆತ್ತುವ ಕಾಮಗಾರಿ ತೃಪ್ತಿಕರವಾಗಿ ಪೂರ್ಣಗೊಂಡಿದೆ. ಪುರಸಭೆಯ ಅಧ್ಯಕ್ಷರು ಬಂದು, ಪ್ರಾಮಾಣಿಕ ಗುತ್ತಿಗೆದಾರ ಎಂದು ನನಗೆ ಹಾರ ಹಾಕಿ, ಚರಂಡಿಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ನಾನು ಆ ಫೋಟೋದಲ್ಲಿ ನಗುತ್ತಿದ್ದೇನೆ. ಈಗಲೂ ಅದನ್ನು ನೋಡಿದರೆ ಆ ಮನುಷ್ಯನಿಗೆ ಎರಡು ಬಿಗಿಯಬೇಕೆನಿಸುತ್ತದೆ.

ಜೂನ್ ಬಂತು. ನಮ್ಮ ಕಡೆಯ ಮೊದಲ ಮಳೆ ಹನಿಯುವುದಿಲ್ಲ, ಸುರಿಯುತ್ತದೆ. ಮಧ್ಯಾಹ್ನದ ಊಟ ಮುಗಿಸಿ, ನನ್ನ ಚರಂಡಿಯ ಸೊಬಗನ್ನು ನೋಡಲು ಕೊಡೆ ಹಿಡಿದು ಬಾಗಿಲಲ್ಲಿ ನಿಂತೆ. ಮೊದಲ ತೊಟ್ಟಿಲು ತುಂಬಿತು. ಆಹಾ! ಎರಡನೆಯದು ತುಂಬಿತು. ಚಿನ್ನಪ್ಪನ ಗಟ್ಟೆಗಳು ಒಂದಿಷ್ಟೂ ಅಲುಗಲಿಲ್ಲ. ಬೀದಿಯ ಉದ್ದಕ್ಕೂ ನೀರು ಮಕ್ಕಳು ತೊಟ್ಟಿಲಲ್ಲಿ ಮಲಗಿದ ಹಾಗೆ ನಿಂತಿತು. ಆಮೇಲೆ ಇನ್ನೂ ನಿಲ್ಲಲು ಜಾಗವಿಲ್ಲದೆ, ಎಲ್ಲ ತೊಟ್ಟಿಲುಗಳಿಂದಲೂ ಒಟ್ಟಿಗೆ ಎದ್ದು ರಸ್ತೆಗೆ ಬಂತು.

ಚರಂಡಿಯಲ್ಲಿ ಹೋಗಬೇಕಾದ ನೀರೆಲ್ಲ ಈಗ ರಸ್ತೆಯ ಅಗಲಕ್ಕೂ ಹರಡಿಕೊಂಡು, ಸಂತೆಬೀದಿಯನ್ನೇ ಹೊಳೆ ಮಾಡಿಕೊಂಡು ಇಳಿಯತೊಡಗಿತು. ಕೆಳಗೆ ಹಸನಬ್ಬನ ಶೆಡ್ಡು. ನನಗೆ ಆಗ ಶಾಸ್ತ್ರವೆಲ್ಲ ಒಂದೇ ಏಟಿಗೆ ಅರ್ಥವಾಯಿತು.

ಓಡಿದೆ. ಗಟ್ಟೆ ಒಡೆದರೆ ನೀರು ಚರಂಡಿಗೆ ಇಳಿಯುತ್ತದೆ ಎಂದುಕೊಂಡು, ಕೊನೆಯ ಗಟ್ಟೆಯ ಮೇಲೆ ನಿಂತು ಬಲಗಾಲಿನಿಂದ ಒದ್ದೆ. ಅದು ನಾನೇ ಎತ್ತರ ಮಾಡಿಸಿದ ಗಟ್ಟೆ. ಒಡೆಯಲಿಲ್ಲ. ನಾನು ಜಾರಿ ತೊಟ್ಟಿಲಿಗೆ ಬಿದ್ದೆ. ಕೊಡೆ ನನ್ನನ್ನು ಬಿಟ್ಟು ತಿರುವಿನ ಕಡೆಗೆ ಪ್ರಯಾಣ ಬೆಳೆಸಿತು. ಸೊಂಟದ ಮಟ್ಟದ ಕೆಸರಿನಿಂದ ಮೇಲೆ ಬರಲು ನುಣುಪಾದ ದಡದಲ್ಲಿ ಹಿಡಿಯಲು ಏನೂ ಇರಲಿಲ್ಲ. ಕೆಲಸ ಅಷ್ಟು ನೀಟಾಗಿತ್ತು! ಕೊನೆಗೆ ಹಸನಬ್ಬನೇ ಕೆಟ್ಟ ಜೀಪುಗಳನ್ನು ಎಳೆಯುವ ಹಗ್ಗ ತಂದು, ನನ್ನ ಕಂಕುಳಿಗೆ ಕಟ್ಟಿ, ಹೋಟೆಲಿನಲ್ಲಿದ್ದ ಜನರನ್ನೆಲ್ಲ ಸೇರಿಸಿ, ನನ್ನನ್ನು ಪುರಸಭೆಯ ಸ್ವತ್ತಿನಿಂದ ಹೊರಗೆ ಎಳೆದ.

ಅವನ ಜತೆ ಶೆಡ್ಡಿಗೆ ಹೋದೆ. ಯಾವುದೋ ಜೀಪಿನ ಗೇರ್‌ಬಾಕ್ಸನ್ನು ಬಿಚ್ಚಿ, ನಟ್ಟು ಬೋಲ್ಟುಗಳನ್ನು ತೆಂಗಿನ ಗೆರಟೆಗಳಲ್ಲಿ ವಿಂಗಡಿಸಿಟ್ಟಿದ್ದ. ಆ ಗೆರಟೆಗಳು ಸಣ್ಣ ದೋಣಿಗಳ ಹಾಗೆ ಒಂದೊಂದಾಗಿ ಬಾಗಿಲು ದಾಟುತ್ತಿದ್ದವು. ಗುಂಡಿ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಹಸನಬ್ಬ ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

“ನಾಗೇಶಪ್ಪನ ಕಾಲದಲ್ಲಿ ಮೊಣಕಾಲಿಗೆ ಬರ್ತಿತ್ತು ರೈಟ್ರೆ. ನಿಮ್ಮ ಕಾಲದಲ್ಲಿ ಸೊಂಟಕ್ಕೆ ಬಂತು” ಎಂದ ಅಷ್ಟೆ. ಆಮೇಲೆ, “ಈ ಮಳೆಗಾಲ ಕಳೀಲಿ. ಇರುವ ಜೀಪುಗಳನ್ನೆಲ್ಲ ರಿಪೇರಿ ಮಾಡಿ ಒಪ್ಪಿಸಿ ಹೋಗ್ತೇನೆ” ಎಂದ.

ನನಗೆ ನಾಚಿಕೆಯಾಯಿತು. ಅವನ ಮುಖ ನೋಡಲಾಗದೆ, ತೇಲಿಹೋಗುತ್ತಿದ್ದ ಗೆರಟೆಗಳನ್ನು ಒಂದೊಂದಾಗಿ ಹಿಡಿದು ಒಳಗೆ ತಂದಿಟ್ಟೆ.

ಮಾರನೆಯ ಬೆಳಿಗ್ಗೆ ಮಳೆಯಲ್ಲೇ ಚಿನ್ನಪ್ಪನೂ ನಾನೂ ಗಟ್ಟೆಗಳನ್ನೆಲ್ಲ ಒಡೆದೆವು. ನೀರು ರಸ್ತೆ ಬಿಟ್ಟು ಚರಂಡಿಗೆ ಇಳಿಯಿತು. ಆದರೂ ತಿರುವಿನಲ್ಲಿ ಎಂದಿನಂತೆ ತಿರುಗಲು ಒಪ್ಪದೆ ಶೆಡ್ಡಿಗೇ ಹೋಯಿತು. ಸೊಂಟದಿಂದ ಪುನಃ ಮೊಣಕಾಲಿಗೆ ಇಳಿಯಿತು ಎನ್ನುವುದೊಂದೇ ಪ್ರಗತಿ. ಮೋರಿ ಹಾಕದೆ ಬೇರೆ ದಾರಿಯಿಲ್ಲ ಎಂಬುದು ಕುರುಡನಿಗೂ ಕಾಣುವಂತಿತ್ತು. ಹಸನಬ್ಬನನ್ನು ಕರೆದುಕೊಂಡು ನಾನೇ ಪುರಸಭೆಗೆ ಹೋದೆ.

ಓವರ್‌ಸಿಯರ್ ಕಡತ ತೆಗೆದು ನೋಡಿ ತಲೆಯಾಡಿಸಿದರು. “ಮೋರಿ ಕೊಡೋಕೆ ಬರಲ್ಲ. ಚರಂಡಿ ಸರಿಯಿಲ್ಲ ಅಂತಾದ್ರೆ ಮೋರಿ. ಇಲ್ಲಿ ಕೆಲಸ ತೃಪ್ತಿಕರ ಅಂತ ಇದೆ.”

“ಸಾರ್, ಕೆಲಸ ಮಾಡಿದೋನು ನಾನು. ನಾನೇ ಹೇಳ್ತಾ ಇದ್ದೀನಿ, ಕೆಲಸ ಕೆಟ್ಟುಹೋಗಿದೆ. ಸಂಪೂರ್ಣ ಕೆಟ್ಟುಹೋಗಿದೆ.”

“ಅದು ನಿಮ್ಮ ಅಭಿಪ್ರಾಯ ರೈಟ್ರೆ.”

“ಇವರ ಶೆಡ್ಡಿಗೆ ನೀರು ನುಗ್ಗಿದೆ ಸಾರ್. ಬಂದು ನೋಡಿ.”

“ನುಗ್ಗೋಕೆ ಸಾಧ್ಯವೇ ಇಲ್ಲ. ಇಷ್ಟು ಒಳ್ಳೇ ಚರಂಡಿ ಇಟ್ಕೊಂಡು ನೀರು ಯಾಕೆ ನುಗ್ಗುತ್ತೆ?”

ನನಗೆ ಪಿತ್ತ ನೆತ್ತಿಗೇರಿತು. ನಾನು ಮೂರ್ಖ ಕೆಲಸ ಮಾಡಿದ್ದೆ, ಒಪ್ಪಿದೆ. ಆದರೆ ನನ್ನ ಮೂರ್ಖತನವನ್ನು ಸಾಧನೆ ಎಂದು ಬರೆದು, ಅದನ್ನೇ ಹಿಡಿದು ಪಾಪದ ಮನುಷ್ಯನ ಮೋರಿಯನ್ನು ತಪ್ಪಿಸಲು ಇವರು ಯಾರು? ನನ್ನ ತಪ್ಪು ನನ್ನದು. ಅದನ್ನು ತಪ್ಪೆಂದು ಬರೆಸದೆ ಬಿಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ನನಗೆ ಬರಬೇಕಾದ ಹಣದ ಬಿಲ್ಲಿಗೆ ಸಹಿ ಹಾಕುವುದಿಲ್ಲ ಎಂದೆ. ಬಾಗಿಲ ಬಳಿಯ ಗುಮಾಸ್ತನ ಮುಂದೆ ಕುಳಿತು, ಗುತ್ತಿಗೆದಾರನ ಮೇಲೆ ದೂರು ಬರೆದುಕೊಳ್ಳಿ ಎಂದೆ.

“ದೂರು ಕೊಡೋರ ಹೆಸರು?” ಎಂದ ಗುಮಾಸ್ತ. ಹೇಳಿದೆ.

“ಯಾರ ಮೇಲೆ?” ಅದೇ ಹೆಸರನ್ನು ಇನ್ನೊಮ್ಮೆ ಹೇಳಿದೆ.

ಅವನು ಪೆನ್ನು ಕೆಳಗಿಟ್ಟು ನನ್ನನ್ನು ದಿಟ್ಟಿಸಿದ. “ನಿಮಗೂ ಅವರಿಗೂ ಮುಂಚಿಂದ ಏನಾದ್ರೂ ದ್ವೇಷ ಉಂಟಾ?”

“ಈ ಜೂನಿನಿಂದ” ಎಂದೆ. ಅವನು ಅದನ್ನೂ ಬರೆದುಕೊಂಡ.

ಸುದ್ದಿ ಊರಿಗೆಲ್ಲ ಹಬ್ಬಿತು. ಸಂಜೆ ನಾಗೇಶಪ್ಪ ಮನೆಗೇ ಬಂದ. ಕಾಫಿ ಕುಡಿದು, ಬಹಳ ನೊಂದ ದನಿಯಲ್ಲಿ ಹೇಳಿದ. “ನೀವು ಓದಿದೋರು ಹಿಂಗೆ ಮಾಡಬಾರದು ರೈಟ್ರೆ. ಇವತ್ತು ನೀವು ಕೆಲಸ ಕೆಟ್ಟಿದೆ ಅಂತ ಬರೆಸ್ತೀರಿ. ನಾಳೆ ಜನ ನನ್ನ ಕೆಲಸಾನೂ ನೋಡೋಕೆ ಶುರು ಮಾಡ್ತಾರೆ. ಆಮೇಲೆ ಈ ಊರಲ್ಲಿ ಮರ್ಯಾದಸ್ಥರು ಕಂಟ್ರಾಕ್ಟ್ ಮಾಡೋದು ಹೆಂಗೆ?”

“ನೋಡಲಿ. ಎಲ್ಲರೂ ನೋಡಲಿ” ಎಂದೆ. ಅವನು ಎದ್ದು ಹೋದ. ಸಾವಿತ್ರಿ ಲೋಟ ತೆಗೆಯುತ್ತಾ, “ಆ ಹಾಳು ಗೋಡೆ ಬೇಡ ಅಂತ ನಾನು ಅವತ್ತೇ ಅಂದಿದ್ದೆ. ಅದು ಬೇರೆ ಮಾತು. ಈಗ ಬಿಟ್ಟುಕೊಟ್ಟೀರೋ ಜೋಕೆ” ಎಂದಳು. ಮದುವೆಯಾದ ಮೇಲೆ ಅವಳು ನನ್ನ ಪಕ್ಷ ವಹಿಸಿದ್ದು ಅದೇ ಮೊದಲು. ನನಗೆ ಆನೆಯ ಬಲ ಬಂತು.

ಪುರಸಭೆಯ ಸಭೆಗೆ ಹೋಗಿ ಗೋಡೆಬದಿಯ ಬೆಂಚಿನಲ್ಲಿ ಕುಳಿತೆ. ಅಧ್ಯಕ್ಷರು ವರದಿಯನ್ನು ಗಟ್ಟಿಯಾಗಿ ಓದುತ್ತಾ ‘ತೃಪ್ತಿಕರವಾಗಿ’ ಎನ್ನುವಲ್ಲಿಗೆ ಬಂದಾಗ ಎದ್ದು ನಿಂತೆ. “ಸುಳ್ಳು! ಯಾರಿಗೆ ತೃಪ್ತಿ? ನನಗಿಲ್ಲ, ಹಸನಬ್ಬನಿಗಿಲ್ಲ, ನೀರಿಗೂ ಇಲ್ಲ. ಈಗಲೇ ಎದ್ದು ಬನ್ನಿ, ತಿರುವಿನಲ್ಲಿ ನಿಂತು ನಿಮ್ಮ ಕಣ್ಣಾರೆ ನೋಡಿ.”

ಸದಸ್ಯರು ಕಿಟಕಿಯ ಕಡೆ ನೋಡಿದರು. ಹೊರಗೆ ಮಳೆ ಧೋ ಎಂದು ಹೊಯ್ಯುತ್ತಿತ್ತು. “ಸ್ಥಳ ಪರಿಶೀಲನೆ ಮಾಡತಕ್ಕದ್ದೇ. ಇಷ್ಟು ಮಳೆಯಲ್ಲಿ ಹೇಗೆ ಹೋಗೋದು? ಮಳೆ ನಿಂತ ಮೇಲೆ ಹೋಗೋಣ” ಎಂದರು ಅಧ್ಯಕ್ಷರು. ಸಭೆ ಒಮ್ಮತದಿಂದ ಒಪ್ಪಿತು.

ನಮ್ಮಲ್ಲಿ ಮಳೆ ನಿಲ್ಲುವುದು ದಸರೆಯ ಹೊತ್ತಿಗೆ. ದೀಪಾವಳಿ ಕಳೆದ ಮೇಲೆ, ಹದವಾದ ಬಿಸಿಲಿನಲ್ಲಿ, ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಸ್ಥಳ ಪರಿಶೀಲನಾ ಸಮಿತಿಯವರು ಬಂದರು. ಚರಂಡಿಯಲ್ಲಿ ಒಂದು ನಾಯಿ ಮಲಗಿತ್ತು. ಅಧ್ಯಕ್ಷರು ಬಗ್ಗಿ ನೋಡಿ, “ನೀರು ಎಲ್ಲಿದೆ?” ಎಂದರು. ಸಮಿತಿಯ ವರದಿ ಬಂತು. ಸ್ಥಳದಲ್ಲಿ ನೀರು ಕಂಡುಬರಲಿಲ್ಲ. ಕಾಮಗಾರಿ ತೃಪ್ತಿಕರ. ಪ್ರಾಮಾಣಿಕ ಗುತ್ತಿಗೆದಾರರ ಹೆಸರು ಕೆಡಿಸುವಂಥ ಆಧಾರವಿಲ್ಲದ ಆರೋಪ ಮಾಡಬಾರದೆಂದು ದೂರುದಾರರಿಗೆ ಎಚ್ಚರಿಕೆ ಕೊಡಲಾಗಿದೆ.

ಅಂದರೆ, ನನ್ನ ಮರ್ಯಾದೆಯನ್ನು ನನ್ನಿಂದ ಕಾಪಾಡಿದ್ದರು!

ಹಸನಬ್ಬ ಸಾಮಾನು ಕಟ್ಟಲು ಶುರು ಮಾಡಿದ್ದ. ಸ್ಪ್ಯಾನರುಗಳನ್ನು ಗೋಣಿಗೆ ಸುತ್ತುತ್ತಿದ್ದುದನ್ನು ಕಂಡೆ. ಅಲ್ಲಿಂದ ನೇರವಾಗಿ ಸಾಹುಕಾರರ ಬಂಗಲೆಗೆ ಹೋದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದೆ ಬಿದ್ದಿದ್ದ ಹಳೆಯ ದಪ್ಪ ಸಿಮೆಂಟ್ ಪೈಪುಗಳನ್ನು ಕೇಳಿದೆ. ಅವರು ಸ್ವಲ್ಪ ಯೋಚಿಸಿ, “ಕೊಡ್ತೀನಿ. ಆ ಬ್ಲಾಕಿನ ಚಪ್ಪಲಿಗಳನ್ನೆಲ್ಲ ಆರಿಸಿ ತೆಗೆಸೋದಾದ್ರೆ” ಎಂದರು. ಆರಿಸಿದೆ. ನನ್ನ ಕೈಯಿಂದಲೇ ಆರಿಸಿದೆ.

ಸಂತೆಯ ದಿನ ಬೆಳಿಗ್ಗೆ, ಊರೆಲ್ಲ ನೋಡುತ್ತಿರುವಾಗಲೇ, ತಿರುವಿನಲ್ಲಿ ಪುರಸಭೆಯ ರಸ್ತೆಯನ್ನು ಅಡ್ಡಲಾಗಿ ಅಗೆ ಎಂದು ಚಿನ್ನಪ್ಪನಿಗೆ ಹೇಳಿದೆ. ಅನುಮತಿ ಇರಲಿಲ್ಲ, ಟೆಂಡರ್ ಇರಲಿಲ್ಲ, ಅರಗಂತೂ ಇರಲೇ ಇಲ್ಲ.

“ತೋಟದ ಹಂಗೇನಾ ಅಯ್ಯಾ?” ಎಂದ ಚಿನ್ನಪ್ಪ.

“ಬೇಡ ಮಾರಾಯ. ನೀರು ಓಡಬೇಕು” ಎಂದು ಬೇಡಿಕೊಂಡೆ.

ಹಸನಬ್ಬ ಮೊದಲು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ಗೋಣಿ ಬಿಚ್ಚಿ ಹಾರೆ ತಂದು ಅಗೆಯಲು ಇಳಿದ. ನಾನೂ ಗುದ್ದಲಿ ಹಿಡಿದೆ. ನನ್ನ ಅಂಗೈಯಲ್ಲಿ ಬೊಬ್ಬೆಗಳೆದ್ದವು, ಸಂತೆಗೆ ಬಂದ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಂತು ಬೈದವು. ಗಾಡಿಯವರೂ ಬೈದರು. ಸಂಜೆಯ ಹೊತ್ತಿಗೆ ಪೈಪು ಕೂತು, ಮೇಲೆ ಮಣ್ಣು ಬಿದ್ದು, ಒಂದು ಕೊಡ ನೀರು ಸುರಿದರೆ ಅದು ಆಚೆ ಬದಿಯ ಹಳ್ಳಕ್ಕೆ ಗುಳುಗುಳು ಎಂದು ಇಳಿಯಿತು. ಆ ಸದ್ದು ಕೇಳಿ ಹಸನಬ್ಬ ಇನ್ನೊಂದು ಕೊಡ ಸುರಿದ. ಸ್ಪ್ಯಾನರುಗಳನ್ನು ಪುನಃ ಗೋಡೆಗೆ ತೂಗುಹಾಕಿದ.

ಮೂರನೆಯ ದಿನಕ್ಕೆ ಓವರ್‌ಸಿಯರ್ ಓಡಿ ಬಂದರು. ಈ ಸಲ ಸ್ಕೂಟರು ಹೋಟೆಲಿನ ಮುಂದೆ ನಿಲ್ಲಲಿಲ್ಲ. “ರಸ್ತೆ ಅಗೆದೋರು ಯಾರು?”

“ನಾನು. ನನ್ನ ಹೆಸರು ಗೊತ್ತಲ್ಲ, ಬರ್ಕೊಳ್ಳಿ. ದೊಡ್ಡಕ್ಷರದಲ್ಲೇ ಬರ್ಕೊಳ್ಳಿ” ಎಂದೆ.

ಪೈಪು ತೆಗೆಯಬೇಕೆಂದು ನೋಟೀಸು ಬಂತು. ತೆಗೆಯುವುದಿಲ್ಲ ಎಂದು ಅದರ ಬೆನ್ನಿಗೇ ಬರೆದು ಕಳಿಸಿದೆ. ಜೈಲಿಗೆ ಹಾಕುವುದಾದರೆ ಹಾಕಲಿ, ಬೆಚ್ಚಗಿನ ಕಂಬಳಿ ಒಂದು ಸಿದ್ಧವಾಗಿರಲಿ ಎಂದು ಸಾವಿತ್ರಿಗೂ ಹೇಳಿಟ್ಟೆ. ಪುರಸಭೆಯವರು ನನ್ನನ್ನು ಜೈಲಿಗೆ ಹಾಕಲಿಲ್ಲ. ಪೈಪು ಕೀಳಿಸಿ ರಸ್ತೆ ಮುಚ್ಚಿಸಲು ಟೆಂಡರ್ ಕರೆದರು. ಕಳ್ಳತನದಲ್ಲಿ ಕಿತ್ತುಬಿಟ್ಟಾರೆಂದು ನಾನೂ ಹಸನಬ್ಬನೂ ಸರದಿಯ ಮೇಲೆ ಕಾವಲು ಕಾದೆವು. ಯಾರೂ ಆ ಕಡೆ ತಲೆ ಹಾಕಲಿಲ್ಲ.

ಮುಂದಿನ ಮಳೆಗಾಲ ಹತ್ತಿರ ಬಂದಾಗ ಒಂದು ದಿನ ಪುರಸಭೆಯ ನೋಟೀಸು ಬೋರ್ಡಿನಲ್ಲಿ ಆ ವರ್ಷದ ಕಾಮಗಾರಿಗಳ ವಿವರವನ್ನು ಓದುತ್ತಾ ನಿಂತೆ. ಓದುತ್ತಾ ಓದುತ್ತಾ ನನ್ನ ಕಣ್ಣು ಕೆಂಪಾಯಿತು. ಸಂತೆಬೀದಿಯ ತಿರುವಿನಲ್ಲಿದ್ದ ಅನಧಿಕೃತ ಪೈಪನ್ನು ಸಂಪೂರ್ಣವಾಗಿ ತೆಗೆದುಹಾಕಿ, ರಸ್ತೆಯನ್ನು ಮೊದಲಿನಂತೆ ಮುಚ್ಚಲಾಗಿದೆ. ಗುತ್ತಿಗೆದಾರರು ನಾಗೇಶಪ್ಪ. ಕೆಲಸ ತೃಪ್ತಿಕರ.

ತಿರುವಿಗೆ ಬಂದು ನೋಡಿದೆ. ಪೈಪು ಇಟ್ಟಲ್ಲೇ ಇತ್ತು. ನನ್ನ ಮೈ ಉರಿಯಿತು. ಇದೆಂಥ ಹಸಿ ಸುಳ್ಳು! ಈಗಲೇ ಹೋಗಿ, ಪೈಪು ಇದೆ ಎಂದು ಬರೆಸಿ, ನಾಗೇಶಪ್ಪನ ಬಣ್ಣವನ್ನು ಸಭೆಯ ನಡುವೆ ಬಯಲು ಮಾಡುತ್ತೇನೆ ಎಂದು ಪಂಚೆ ಎತ್ತಿಕಟ್ಟಿ ಹೊರಟೆ. ಅಷ್ಟರಲ್ಲಿ ಮಳೆ ಸುರಿಯಿತು. ಶೆಡ್ಡಿನ ಮಾಡಿನ ಕೆಳಗೆ ಓಡಿದೆ. ಹಸನಬ್ಬ ಒಂದು ಜೀಪಿನ ಅಡಿಯ ಗುಂಡಿಯಲ್ಲಿದ್ದ. ಒಣ ಗುಂಡಿಯಲ್ಲಿ. ಹೊರಗೆ ಚರಂಡಿಯ ನೀರು ತಿರುವಿಗೆ ಬಂದು, ಪುರಸಭೆಯ ಪ್ರಕಾರ ಇಲ್ಲದ ಪೈಪಿಗೆ ಇಳಿದು, ಆಚೆ ಬದಿಯ ಹಳ್ಳ ಸೇರುತ್ತಿತ್ತು.

ವಿಷಯ ಕೇಳಿ ಅವನು ಎಣ್ಣೆಗೈಯಲ್ಲೇ ಮೇಲೆ ಬಂದು ನನ್ನ ತೋಳು ಹಿಡಿದುಕೊಂಡ.

“ಹೋಗ್ಬೇಡಿ ರೈಟ್ರೆ. ನೀವು ಹೋಗಿ ಪೈಪು ಉಂಟು ಅಂದ್ರೆ, ಅವ್ರು ನಿಜವಾಗ್ಲೂ ಬಂದು ಕೀಳ್ತಾರೆ. ನಿಮ್ಮ ದಮ್ಮಯ್ಯ, ಇದೊಂದು ಸಲ ಬಾಯಿ ಮುಚ್ಕೊಂಡಿರಿ.”

ಬಾಯಿ ಮುಚ್ಚಿಕೊಂಡೆ. ಸಂತೆಬೀದಿಯ ಚರಂಡಿಗಾಗಿ ನಾನು ಮಾಡಿದ ಕೆಲಸಗಳಲ್ಲಿ ಯಾರಿಗೂ ತೊಂದರೆಯಾಗದೆ ಮುಗಿದದ್ದು ಅದೊಂದೇ.